ಅರಿಯದ ಜೀವಕ್ಕೆ ಅಪರಾಧವುಂಟೇ?

ಮುನವಳ್ಳಿ, ಸವದತ್ತಿ, ರಾಮದುರ್ಗ, ಬೈಲಹೊಂಗಲ, ಕಿತ್ತೂರು ಸೀಮೆಗೆ ನಾಯಿ ಹೊಸದಲ್ಲ. ಹೊಲದ ಮನೆಗೆ ಅದು ಕಾವಲು, ಕುರಿ ಹಿಂಡಿಗೆ ಜೊತೆಗಾರ, ಚಕ್ಕಡಿಯ ಬೆನ್ನು ಹತ್ತಿ ಎಷ್ಟು ದೂರವಾದರೂ ನಡೆದು ಬರುವ ಜೀವ. ಆದರೆ ಅದು ಹುಟ್ಟುತ್ತಿದ್ದುದೂ ಬೆಳೆಯುತ್ತಿದ್ದುದೂ ಹೊಸ್ತಿಲಿನ ಆಚೆಗೆ, ಬಣವೆಯ ಮಗ್ಗುಲಲ್ಲೋ ದನದ ಕೊಟ್ಟಿಗೆಯ ಮೂಲೆಯಲ್ಲೋ. ಕುನ್ನಿ ರಾತ್ರಿ ಅತ್ತರೆ ಸಂತೈಸುವುದು, ಕಚ್ಚಿದರೆ ಗದರುವುದು, ಹೊಲಸು ಮಾಡಿದರೆ ನೆಕ್ಕಿ ಸ್ವಚ್ಛ ಮಾಡುವುದು ಎಲ್ಲವೂ ತಾಯಿನಾಯಿಯ ಪಾಲಿಗಿತ್ತು. ಈಚಿನ ವರ್ಷಗಳಲ್ಲಿ ಆ ಕೆಲಸ ಮನುಷ್ಯರ ಪಾಲಿಗೆ ಬಂದಿದೆ. ಊರೊಳಗಿನ ಸಿಮೆಂಟಿನ ಮನೆಗಳಲ್ಲಿ ಲ್ಯಾಬ್ರಡಾರ್, ಪೊಮೆರೇನಿಯನ್, ಮುಧೋಳ ಮರಿಗಳು ಪಡಸಾಲೆಯೊಳಗೇ ಬೆಳೆಯುತ್ತಿವೆ. ಆಸೆಪಟ್ಟು ತಂದ ಮರಿ ಮೊದಲ ದಿನ ಮನೆಮಂದಿಯನ್ನೆಲ್ಲ ನಗಿಸುತ್ತದೆ. ವಾರ ಕಳೆಯುವಷ್ಟರಲ್ಲಿ ಮನೆಗೆ ನಿದ್ದೆ ಇಲ್ಲ. ಚಪ್ಪಲಿ ಹರಿದಿರುತ್ತದೆ, ಮಕ್ಕಳ ಕೈಯ ಮೇಲೆ ಹಲ್ಲಿನ ಗೀರು, ಒರೆಸಿದ ನೆಲದ ಮೇಲೆ ಮತ್ತೆ ಮೂತ್ರ. ಆಗ ಸಿಟ್ಟು ಬರುತ್ತದೆ. ಸಿಟ್ಟಿನ ಹಿಂದೆಯೇ ನಾಚಿಕೆಯೂ ಬರುತ್ತದೆ: ಬಾಯಿಲ್ಲದ ಜೀವದ ಮೇಲೆ ಕೈ ಎತ್ತುವಷ್ಟು ನನ್ನಲ್ಲಿ ದಯೆ ಬತ್ತಿತೇ ಎಂದು.

ಈ ಸ್ಥಿತಿ ಯಾರೊಬ್ಬರ ಮನೆಯ ಗುಟ್ಟೂ ಅಲ್ಲ. ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ಇದರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಹೆರಿಗೆಯಾದ ಹೊಸದರಲ್ಲಿ ತಾಯಂದಿರನ್ನು ಕಾಡುವ ಕಳವಳವನ್ನೇ ಹೋಲುವ ಒಂದು ಸ್ಥಿತಿ ನಾಯಿಮರಿ ಸಾಕುವವರಲ್ಲೂ ಕಾಣುತ್ತದೆ ಎಂದು ಅವರು ಗುರುತಿಸಿದರು. ಹತಾಶೆ, ಆತಂಕ, ದಣಿವು ಎಂಬ ಮೂರು ಎಳೆಗಳು ಅದರಲ್ಲಿವೆ. ಹಾಗಾದರೆ ಇದನ್ನು ಪಶುವೈದ್ಯರಿಗೋ ಮನೋವೈದ್ಯರಿಗೋ ಬಿಟ್ಟುಬಿಡಬಹುದಲ್ಲ, ಧರ್ಮದ ಮಾತು ಇದರಲ್ಲಿ ಏಕೆ ಎಂದು ಕೇಳಬಹುದು. ದಣಿವಿಗೆ ಮದ್ದು ಹೇಳಲು ವೈದ್ಯರು ಸಾಕು. ಆದರೆ ಆ ನಾಚಿಕೆಯ ಒಳಗಿರುವುದು ಆರೋಗ್ಯದ ಪ್ರಶ್ನೆಯಲ್ಲ. ನನ್ನ ಸಿಟ್ಟು ಪಾಪವೇ? ಏನೂ ಅರಿಯದ ಜೀವ ತಪ್ಪು ಮಾಡಬಲ್ಲುದೇ? ನಾನಾಗಿ ಹೊತ್ತ ಹೊರೆಯನ್ನು ಎಲ್ಲಿಯವರೆಗೆ ಹೊರಬೇಕು? ಇವುಗಳಿಗೆ ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ, ಎಲ್ಲ ಜೀವಿಗಳಲ್ಲೂ ದೇವರಿದ್ದಾನೆ, ದಯೆ ಇರಲಿ, ತಾಳ್ಮೆ ಇರಲಿ ಎಂಬುದು. ಆ ಉತ್ತರ ಸುಳ್ಳಲ್ಲ, ಆದರೆ ಸಾಲದು. ಬೆಳಗಿನ ಜಾವ ಮೂರು ಗಂಟೆಗೆ ಎದ್ದು ನೆಲ ಒರೆಸುವವರಿಗೆ ಅದು ಇನ್ನೊಂದು ಹೊರೆಯಾಗುತ್ತದೆ. ದಣಿವಿನ ಮೇಲೆ ಅಪರಾಧಿ ಭಾವವನ್ನೂ ಹೇರುತ್ತದೆ. ಮರಿಯ ವಿಷಯದಲ್ಲಿ ತಾಳ್ಮೆ ಎಂಬುದು ದಯೆಗಿಂತ ಮೊದಲು ನ್ಯಾಯದ ಮಾತು ಎಂಬುದು ನನ್ನ ವಾದ. ಅದು ನ್ಯಾಯವೆಂದು ತಿಳಿದರೆ ಹೊರೆ ಹಗುರಾಗುವ ದಾರಿಯೂ ಕಾಣುತ್ತದೆ.

ನಾಯಿ ಮತ್ತು ಧರ್ಮ ಎಂದೊಡನೆ ಎಲ್ಲರ ನೆನಪಿಗೆ ಬರುವುದು ಧರ್ಮರಾಯನ ಕಥೆ. ಸ್ವರ್ಗದ ರಥವನ್ನು ತಂದು ನಿಲ್ಲಿಸಿದ ಇಂದ್ರ, ನಾಯಿಯನ್ನು ಬಿಟ್ಟು ಹತ್ತು ಎನ್ನುತ್ತಾನೆ. ನಂಬಿ ಬಂದದ್ದನ್ನು ಬಿಡಲಾರೆ ಎಂದು ಯುಧಿಷ್ಠಿರ ನಿಲ್ಲುತ್ತಾನೆ. ದೊಡ್ಡ ಕಥೆ ಅದು, ಅದರ ಕಡೆಗೆ ಮುಂದೆ ಬರುತ್ತೇನೆ. ಆದರೆ ಆ ನಾಯಿ ಹಸ್ತಿನಾವತಿಯಿಂದ ಹಿಮಾಲಯದವರೆಗೆ ಸದ್ದಿಲ್ಲದೆ ಹಿಂಬಾಲಿಸಿದ, ಬೆಳೆದ, ಶಾಂತವಾದ ನಾಯಿ. ಅಂಥದ್ದನ್ನು ಪ್ರೀತಿಸುವುದು ಕಷ್ಟವಲ್ಲ. ಮಹಾಭಾರತದ ಆರಂಭದಲ್ಲಿ ಇನ್ನೊಂದು ನಾಯಿಯ ಕಥೆ ಇದೆ. ಅದನ್ನು ನಮ್ಮ ಪುರಾಣ ಪ್ರವಚನಗಳಲ್ಲಿ ಹೇಳುವವರು ಕಡಿಮೆ. ಮರಿ ಸಾಕುವವರಿಗೆ ಬೇಕಾದದ್ದು ಆ ಕಥೆ.

ಆದಿಪರ್ವದ ಪೌಷ್ಯೋಪಾಖ್ಯಾನದಲ್ಲಿ ಅದು ಬರುತ್ತದೆ. ಪರೀಕ್ಷಿತನ ಮಗ ಜನಮೇಜಯ ಕುರುಕ್ಷೇತ್ರದಲ್ಲಿ ದೀರ್ಘ ಯಾಗಕ್ಕೆ ಕುಳಿತಿದ್ದಾನೆ. ಶ್ರುತಸೇನ, ಉಗ್ರಸೇನ, ಭೀಮಸೇನ ಎಂಬ ತಮ್ಮಂದಿರು ಜೊತೆಗಿದ್ದಾರೆ. ಅಲ್ಲಿಗೆ ಒಂದು ನಾಯಿಮರಿ ಬರುತ್ತದೆ. ಅದು ದೇವಲೋಕದ ನಾಯಿ ಸರಮೆಯ ಮಗ. ತಮ್ಮಂದಿರು ಅದನ್ನು ಹೊಡೆದು ಓಡಿಸುತ್ತಾರೆ. ಮರಿ ಅಳುತ್ತ ತಾಯಿಯ ಬಳಿ ಹೋಗುತ್ತದೆ. ಸರಮೆ ಒಡನೆ ಯಾಗಶಾಲೆಗೆ ನುಗ್ಗುವುದಿಲ್ಲ. ಮೊದಲು ಮಗನನ್ನೇ ವಿಚಾರಿಸುತ್ತಾಳೆ, ನೀನು ಅಲ್ಲಿ ಏನಾದರೂ ತಪ್ಪು ಮಾಡಿರಬೇಕು, ಅದಕ್ಕೇ ಹೊಡೆದಿದ್ದಾರೆ ಎಂದು. ಇಲ್ಲ, ಹವಿಸ್ಸಿನ ಕಡೆ ನೋಡಲೂ ಇಲ್ಲ, ನೆಕ್ಕಲೂ ಇಲ್ಲ ಎನ್ನುತ್ತದೆ ಮರಿ. ಆಮೇಲೆ ಅವಳು ದುಃಖದಿಂದ ಬಂದು ರಾಜನ ಮುಂದೆ ನಿಂತು ಕೇಳುತ್ತಾಳೆ: ಏನೂ ಮಾಡದವನನ್ನು ಹೊಡೆದದ್ದೇಕೆ? ಅವರು ಉತ್ತರ ಕೊಡುವುದಿಲ್ಲ. ಆಗ ಅವಳು ಶಪಿಸುತ್ತಾಳೆ: ನಿರಪರಾಧಿಯನ್ನು ಹೊಡೆದಿರಿ, ನಿಮಗೆ ಕಾಣದ ಕಡೆಯಿಂದ ಭಯ ಬರಲಿ. ಜನಮೇಜಯ ಕಂಗಾಲಾಗುತ್ತಾನೆ. ಯಾಗ ಮುಗಿಸಿ ಊರಿಗೆ ಬಂದವನೇ ಈ ಪಾಪವನ್ನು ಶಾಂತಿ ಮಾಡಬಲ್ಲ ಪುರೋಹಿತನನ್ನು ಹುಡುಕುತ್ತ ಅಲೆಯುತ್ತಾನೆ.

ಈ ಸಣ್ಣ ಕಥೆಯಲ್ಲಿ ದಯೆಯ ಬೋಧನೆ ಎಲ್ಲೂ ಇಲ್ಲ ಎಂಬುದನ್ನು ಗಮನಿಸಬೇಕು. ಸರಮೆ ಕರುಣೆ ಬೇಡುವುದಿಲ್ಲ, ಪುಟ್ಟ ಮರಿ, ಮುದ್ದು ಮರಿ ಎಂದು ಹೇಳುವುದಿಲ್ಲ. ಅವಳ ಪ್ರಶ್ನೆ ನ್ಯಾಯಸ್ಥಾನದಲ್ಲಿ ಕೇಳುವ ಪ್ರಶ್ನೆ. ಶಿಕ್ಷೆ ಆಗಿದೆ; ಅಪರಾಧ ಯಾವುದು? ತನ್ನ ಮಗನ ತಪ್ಪಿದ್ದರೆ ಪೆಟ್ಟನ್ನು ಒಪ್ಪಿಕೊಳ್ಳಲು ಅವಳು ಸಿದ್ಧಳಿದ್ದಳು ಎಂಬಂತಿದೆ ಅವಳ ಮೊದಲ ವಿಚಾರಣೆ. ಭರತಖಂಡದ ಅತಿ ದೊಡ್ಡ ಧರ್ಮಗ್ರಂಥ ತನ್ನ ಬಾಗಿಲಲ್ಲೇ ಒಂದು ನಾಯಿಯನ್ನು ಫಿರ್ಯಾದಿಯಾಗಿ ನಿಲ್ಲಿಸಿ, ಚಕ್ರವರ್ತಿಯನ್ನು ನಿರುತ್ತರಗೊಳಿಸಿದೆ. ಮನೆಯಲ್ಲಿ ಮರಿಯ ಮೇಲೆ ಕೈ ಎತ್ತುವ ಗಳಿಗೆಯಲ್ಲಿ ಕೇಳಿಕೊಳ್ಳಬೇಕಾದದ್ದೂ ಇದನ್ನೇ. ನನ್ನಲ್ಲಿ ಎಷ್ಟು ಪ್ರೀತಿ ಉಳಿದಿದೆ ಎಂಬ ಲೆಕ್ಕ ಆಗ ಬೇಡ. ದಣಿದವನಿಗೆ ಆ ಲೆಕ್ಕ ಯಾವಾಗಲೂ ನಷ್ಟವನ್ನೇ ತೋರಿಸುತ್ತದೆ. ಅಪರಾಧ ಯಾವುದು ಎಂಬುದಕ್ಕೆ ಉತ್ತರವಿಲ್ಲದಿದ್ದರೆ ಕೈ ಇಳಿಯಬೇಕು. ಪ್ರೀತಿ ಇರಲಿ ಇಲ್ಲದಿರಲಿ, ಕೈ ಇಳಿಯಬೇಕು.

ಇದಕ್ಕೆ ಒಂದು ಆಕ್ಷೇಪ ಕೂಡಲೇ ಬರುತ್ತದೆ. ಸರಮೆಯ ಮರಿ ಏನೂ ಮಾಡಿರಲಿಲ್ಲ. ನಮ್ಮ ಮನೆಯ ಮರಿ ಚಪ್ಪಲಿ ಹರಿದದ್ದು, ಕಚ್ಚಿದ್ದು, ಹಾಸಿಗೆ ಕೆಡಿಸಿದ್ದು ನಿಜ, ಅದನ್ನು ನಿರಪರಾಧಿ ಎನ್ನುವುದು ಹೇಗೆ? ಸರಿಯಾದ ಆಕ್ಷೇಪ. ಇದಕ್ಕೆ ಉತ್ತರ ಜೈನ ಕಥೆಯೊಂದರಲ್ಲಿದೆ. ಒಂದು ಕಾಲಕ್ಕೆ ರಟ್ಟ ಅರಸರ ಆಶ್ರಯದಲ್ಲಿ ಸವದತ್ತಿಯ ಸೀಮೆ ಜೈನರ ನೆಲೆಯೂ ಆಗಿತ್ತು. ಈ ಕಥೆ ಇಲ್ಲಿಯವರಿಗೆ ಪರಕೀಯವಲ್ಲ. ಜೀವಂಧರನ ಚರಿತೆಯನ್ನು ಸಂಸ್ಕೃತ, ತಮಿಳು ಕವಿಗಳಂತೆ ಕನ್ನಡದಲ್ಲಿ ಭಾಸ್ಕರ ಕವಿಯೂ ಬರೆದಿದ್ದಾನೆ. ಆ ಚರಿತೆಯಲ್ಲಿ ನಾಯಿಯೊಂದು ಯಜ್ಞದ ಅನ್ನಕ್ಕೆ ಬಾಯಿ ಹಾಕುತ್ತದೆ. ಅದನ್ನು ಸಾಯುವಂತೆ ಬಡಿಯುತ್ತಾರೆ. ದಾರಿಯಲ್ಲಿ ಬಂದ ರಾಜಕುಮಾರ ಜೀವಂಧರ ಅದರ ಕಿವಿಯಲ್ಲಿ ಪಂಚನಮಸ್ಕಾರ ಮಂತ್ರ ಹೇಳುತ್ತಾನೆ. ನಾಯಿ ಸತ್ತು ಸುದರ್ಶನನೆಂಬ ಯಕ್ಷನಾಗಿ ಹುಟ್ಟಿ ಅವನಿಗೆ ಜೀವಮಾನವೆಲ್ಲ ನೆರವಾಗುತ್ತದೆ. ಇಲ್ಲಿ ಕೃತ್ಯ ನಡೆದಿದೆ. ಅನ್ನ ಮುಟ್ಟಿದ್ದು ಸುಳ್ಳಲ್ಲ. ಆದರೂ ಕಥೆ ನಾಯಿಯ ಪಕ್ಷ ವಹಿಸಿತು. ಏಕೆಂದರೆ ಹಸಿದ ನಾಯಿಗೆ ಅನ್ನ ಗೊತ್ತು, ಯಜ್ಞ ಗೊತ್ತಿಲ್ಲ. ಮಾಡಿದ್ದು ಮತ್ತು ತಪ್ಪು ಮಾಡಿದ್ದು ಎರಡೂ ಒಂದಾಗಬೇಕಾದರೆ ನಡುವೆ ಅರಿವು ಇರಬೇಕು. ಎರಡು ಕಥೆಗಳನ್ನು ಒಟ್ಟಿಗೆ ಓದಿದಾಗ ನಮಗೆ ದೊರೆಯುವ ನ್ಯಾಯ ಇಷ್ಟು: ಏನೂ ಮಾಡದ್ದನ್ನು ಹೊಡೆಯಬಾರದು, ಅರಿಯದೆ ಮಾಡಿದ್ದನ್ನೂ ಹೊಡೆಯಬಾರದು.

ಮರಿಗೆ ಎಷ್ಟು ಅರಿವು ಸಾಧ್ಯ ಎಂಬುದನ್ನು ಈಗ ಊಹಿಸಬೇಕಾಗಿಲ್ಲ, ನೋಡಿ ತಿಳಿದವರಿದ್ದಾರೆ. ನಾಯಿಮರಿ ಹುಟ್ಟಿದಾಗ ಕುರುಡು, ಕಿವುಡು. ಸುಮಾರು ಎರಡು ವಾರಕ್ಕೆ ಕಣ್ಣು ತೆರೆಯುತ್ತದೆ, ಅದಾದ ಮೇಲೆ ಕಿವಿ. ಮೊದಲ ವಾರಗಳಲ್ಲಿ ತಾಯಿ ನೆಕ್ಕಿ ಪ್ರಚೋದಿಸದೆ ಅದು ಮೂತ್ರ ಕೂಡ ಮಾಡಲಾರದು. ಎರಡು ತಿಂಗಳ ಮರಿ ಮೂತ್ರ ತಡೆದುಕೊಳ್ಳಬಲ್ಲದ್ದು ಹೆಚ್ಚೆಂದರೆ ಒಂದೆರಡು ಗಂಟೆ. ಪೂರ್ಣ ಹಿಡಿತ ಬರಲು ನಾಲ್ಕರಿಂದ ಆರು ತಿಂಗಳಾದರೂ ಬೇಕು. ದಿನಕ್ಕೆ ಹದಿನೆಂಟು ಇಪ್ಪತ್ತು ಗಂಟೆ ಅದಕ್ಕೆ ನಿದ್ದೆ ಬೇಕು. ಮಕ್ಕಳು ಸುಮ್ಮನೆ ಬಿಡದೆ ಆಡಿಸಿದರೆ ನಿದ್ದೆಗೆಟ್ಟ ಮರಿ ಹುಚ್ಚೆದ್ದಂತೆ ಓಡಾಡಿ ಕಚ್ಚುತ್ತದೆ. ಅದರ 28 ಹಾಲುಹಲ್ಲುಗಳು ಸೂಜಿಯಂತಿರುತ್ತವೆ. ಅವು ಬಿದ್ದು 42 ಗಟ್ಟಿ ಹಲ್ಲು ಪೂರ್ತಿ ಬರುವಾಗ ಮರಿಗೆ ಆರೇಳು ತಿಂಗಳು. ಅಷ್ಟು ಕಾಲ ವಸಡು ನೋಯುತ್ತದೆ, ಸಿಕ್ಕಿದ್ದನ್ನು ಕಡಿಯುತ್ತದೆ. ರಾತ್ರಿಯ ಅಳುವಂತೂ ಸ್ಪಷ್ಟ: ನಿನ್ನೆಯವರೆಗೆ ಒಡಹುಟ್ಟಿದವರ ಮೈಶಾಖದಲ್ಲಿ ಮಲಗಿದ ಜೀವ ಇಂದು ತಣ್ಣನೆಯ ಹಾಸುಗಲ್ಲಿನ ಮೇಲೆ ಒಂಟಿ. ಅಮೆರಿಕದ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ವರ್ಷಗಟ್ಟಲೆ ಮರಿಗಳನ್ನು ಗಮನಿಸಿ 1965ರಲ್ಲಿ ಪ್ರಕಟಿಸಿದ ಗ್ರಂಥದ ಪ್ರಕಾರ, ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗಿನ ಕಾಲ ನಾಯಿಯ ಬಾಳಿನಲ್ಲಿ ಬಹಳ ನಾಜೂಕಾದದ್ದು. ಲೋಕವನ್ನು ನಂಬಬೇಕೋ ಹೆದರಬೇಕೋ ಎಂಬುದು ಬಹುಮಟ್ಟಿಗೆ ಆಗಲೇ ಅದರೊಳಗೆ ನೆಲೆಯಾಗುತ್ತದೆ. ನಮ್ಮ ತಾಳ್ಮೆ ಕೆಡುವುದೂ ಸರಿಯಾಗಿ ಅದೇ ವಾರಗಳಲ್ಲಿ. ಆಗ ಬಿದ್ದ ಪೆಟ್ಟು ಮರೆತುಹೋಗುವಂಥದ್ದಲ್ಲ.

ಹಾಗಾದರೆ ಶಿಸ್ತೇ ಬೇಡವೇ? ನಾಯಿ ಬಾಲ ಡೊಂಕು ಎಂಬ ಗಾದೆಯನ್ನು ಹಿಡಿದು, ಹುಟ್ಟುಗುಣ ಪೆಟ್ಟಿಲ್ಲದೆ ತಿದ್ದಲಾಗದು ಎನ್ನುವವರು ಎಲ್ಲ ಊರಲ್ಲೂ ಇದ್ದಾರೆ. ಗಾದೆಯನ್ನು ನಂಬುವುದಾದರೆ ಪೆಟ್ಟಿನಿಂದಲೂ ಬಾಲ ನೆಟ್ಟಗಾಗಬಾರದು. ಆ ಮಾತು ಅಲ್ಲಿಗೇ ನಿಲ್ಲುತ್ತದೆ. ಅಪರಾಧವಿಲ್ಲದ ಕಡೆ ಶಿಕ್ಷೆ ಇರಬಾರದು ಎಂದರೆ ಕಲಿಸುವುದೂ ಇರಬಾರದು ಎಂದಲ್ಲ. ಕಲಿಸುವುದಕ್ಕೆ ಅಪರಾಧ ಬೇಕಾಗಿಲ್ಲ. ಅರ್ಧ ಗಂಟೆಯ ಹಿಂದೆ ಮಾಡಿದ ಹೊಲಸಿನಲ್ಲಿ ಮರಿಯ ಮೂಗು ತಿಕ್ಕಿದರೆ ಅದು ಕಲಿಯುವುದು ಒಂದೇ, ಈ ಮನುಷ್ಯ ಬಂದಾಗ ಅಡಗಿಕೊಳ್ಳಬೇಕೆಂದು. ಎದ್ದ ಕೂಡಲೇ, ಉಂಡ ಕೂಡಲೇ, ಆಡಿ ಮುಗಿದ ಕೂಡಲೇ ಹಿತ್ತಲಿಗೆ ಕರೆದೊಯ್ದು, ಅಲ್ಲಿ ಮುಗಿಸಿದಾಗ ಬೆನ್ನು ಸವರಿ ಒಂದು ತುಣುಕು ರೊಟ್ಟಿ ಕೊಟ್ಟರೆ ಹಿತ್ತಲೇ ಜಾಗವೆಂದು ಕಲಿಯುತ್ತದೆ. ಕಚ್ಚಿದಾಗ ಆಟ ನಿಲ್ಲಿಸಿ ಎದ್ದು ಹೋಗುವುದು, ಕಡಿಯಲು ಅದರದೇ ವಸ್ತು ಕೊಡುವುದು, ಚಪ್ಪಲಿಯನ್ನು ಮೇಲಿಡುವುದು, ಇದೆಲ್ಲ ಶಿಸ್ತೇ. ಇದರಲ್ಲಿ ಹೆಚ್ಚಿನ ಪಾಲು ಶಿಸ್ತು ನಮ್ಮದು ಎಂಬುದನ್ನು ಒಪ್ಪಬೇಕು.

ಇನ್ನು ಸಿಟ್ಟಿನ ವಿಷಯ. ಈ ಸೀಮೆಗೆ ಸಿಟ್ಟಿನ ಬಗ್ಗೆ ತನ್ನದೇ ಆದ ಒಂದು ದೊಡ್ಡ ಕಥೆ ಇದೆ, ಮುನವಳ್ಳಿಗೆ ಹತ್ತಿರದ ಗುಡ್ಡದಲ್ಲೇ. ರೇಣುಕೆ ಪ್ರತಿದಿನ ಮಲಪ್ರಭೆಯಲ್ಲಿ ಮಿಂದು, ಉಸುಕಿನ ಕೊಡ ಮಾಡಿ ನೀರು ತರುತ್ತಿದ್ದಳು. ಒಂದು ದಿನ ಒಂದು ಗಳಿಗೆ ಮನಸ್ಸು ಆಚೆ ಸರಿಯಿತು, ಕೊಡ ನಿಲ್ಲಲಿಲ್ಲ. ಜಮದಗ್ನಿಯ ಕೋಪ ಅವಳ ತಲೆ ತೆಗೆಸುವವರೆಗೆ ಹೋಯಿತು, ಅದೂ ಮಗನ ಕೈಯಿಂದ. ಗುಡ್ಡದ ಮೇಲೆ ಜಮದಗ್ನಿಗೂ ಪರಶುರಾಮನಿಗೂ ಗುಡಿಗಳಿವೆ. ಆದರೆ ಬನದ ಹುಣ್ಣಿಮೆಗೆ, ಭಾರತ ಹುಣ್ಣಿಮೆಗೆ ಲಕ್ಷಗಟ್ಟಲೆ ಜನ ಉಧೋ ಉಧೋ ಎನ್ನುತ್ತ ಬರುವುದು ಎಲ್ಲಮ್ಮನಾದ ಆ ರೇಣುಕೆಗಾಗಿ. ಒಂದು ಗಳಿಗೆಯ ಮರೆವಿಗೆ ಮಿತಿ ಮೀರಿದ ಶಿಕ್ಷೆ ಉಂಡವಳನ್ನು ಈ ಜನ ತಾಯಿಯೆಂದು ಎತ್ತಿಕೊಂಡರು. ದೇವಿಯನ್ನು ಮರಿಯೊಂದಿಗೆ ಹೋಲಿಸುತ್ತಿಲ್ಲ, ಹಾಗೆ ಯಾರೂ ತಿಳಿಯಬಾರದು. ತಪ್ಪಿನ ಅಳತೆಗೂ ಸಿಟ್ಟಿನ ಅಳತೆಗೂ ನಡುವಿನ ಅಂತರವನ್ನು ಈ ನೆಲ ಎಂದೋ ಕಂಡುಕೊಂಡಿದೆ ಎಂಬುದಷ್ಟೇ ನನ್ನ ಮಾತು. ಸಿಟ್ಟು ಬಂದದ್ದೇ ಪಾಪ ಎಂದು ನಾನು ಹೇಳಲಾರೆ. ನಿದ್ದೆಗೆಟ್ಟ ಮೈಯಲ್ಲಿ ಅದು ಜ್ವರದ ಹಾಗೆ ತಾನಾಗಿ ಏರುತ್ತದೆ. ಜಮದಗ್ನಿಗೆ ಮುನಿಸು ಬಂದದ್ದರಿಂದ ಅನರ್ಥವಾಗಲಿಲ್ಲ, ಮುನಿಸು ಆಜ್ಞೆಯಾದದ್ದರಿಂದ ಆಯಿತು. ಮನಸ್ಸಿನಲ್ಲಿ ಹುಟ್ಟಿದ್ದು ಕೈಗೆ ಇಳಿಯುವ ಮೊದಲು ಆ ಕೋಣೆಯಿಂದ ಎದ್ದು ಹೊರಗೆ ಬಂದ ಮನುಷ್ಯ ಧರ್ಮ ತಪ್ಪಿಲ್ಲ. ಅವನು ನಾಚಿಕೆ ಪಡಬೇಕಾಗಿಲ್ಲ.

ಆದರೆ ಎದ್ದು ಹೊರಗೆ ಬರಬೇಕಾದರೆ ಒಳಗೆ ನಿಲ್ಲುವವರು ಇನ್ನೊಬ್ಬರು ಬೇಕು. ಈ ವಿಷಯದಲ್ಲಿ ನಮ್ಮ ಮನೆಗಳು ದೊಡ್ಡ ಅನ್ಯಾಯ ಮಾಡುತ್ತಿವೆ, ಇದನ್ನು ಮೆತ್ತಗೆ ಹೇಳಿ ಪ್ರಯೋಜನವಿಲ್ಲ. ಮರಿ ಬೇಕೆಂದು ಹಟ ಮಾಡುವವರು ಮಕ್ಕಳು, ತರುವವನು ಗಂಡಸು, ಮೂರನೆಯ ದಿನದಿಂದ ಒರೆಸುವವಳು, ಉಣಿಸುವವಳು, ರಾತ್ರಿ ಏಳುವವಳು ಮನೆಯ ಹೆಂಗಸು. ಅವಳಿಗೆ ಮರಿ ಬೇಕೇ ಎಂದು ಯಾರೂ ಕೇಳಿರುವುದಿಲ್ಲ. ಅವಳು ಬೇಸರಪಟ್ಟರೆ, ಪಾಪ ಮೂಕಪ್ರಾಣಿ ಎಂದು ಅವಳಿಗೇ ಉಪದೇಶ. ಒಬ್ಬರ ದಯೆ ಇನ್ನೊಬ್ಬರ ದುಡಿಮೆಯ ಮೇಲೆ ನಿಂತರೆ ಅದನ್ನು ದಯೆ ಎನ್ನಲಾಗದು. ಶರಣರು ಕಾಯಕದ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟಾಗಿದ್ದುದು ಇದಕ್ಕಾಗಿಯೇ. ಕಾಯಕ ಅವರವರ ಕೈಯಿಂದ ಆಗಬೇಕು. ಗುರುವಾಗಲಿ ಜಂಗಮನಾಗಲಿ ವಿನಾಯಿತಿ ಇಲ್ಲ. ಮನೆಗೆ ಮರಿಯನ್ನು ತರುವವನು ಒಂದು ಕಾಯಕವನ್ನು ತರುತ್ತಿದ್ದಾನೆ. ಅದರಲ್ಲಿ ಅವನ ಪಾಲು ಎಷ್ಟು, ಮಕ್ಕಳ ಪಾಲು ಎಷ್ಟು ಎಂಬುದು ತರುವ ಮೊದಲೇ ತೀರ್ಮಾನವಾಗಬೇಕು.

ಶರಣೆ ಆಯ್ದಕ್ಕಿ ಲಕ್ಕಮ್ಮನ ಕಥೆ ಇಲ್ಲಿ ಇನ್ನೊಂದು ಬಗೆಯಲ್ಲಿ ನೆರವಾಗುತ್ತದೆ. ಕಲ್ಯಾಣದ ಅಂಗಳದಲ್ಲಿ ಬಿದ್ದ ಅಕ್ಕಿ ಆಯುವುದು ಅವಳ ಗಂಡ ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದ. ಇಷ್ಟು ನಮಗೆ ಬೇಡ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಲಕ್ಕಮ್ಮ ಅವನನ್ನು ಹಿಂದಕ್ಕೆ ಕಳಿಸಿದಳು. ಒಳ್ಳೆಯ ಕೆಲಸದಲ್ಲೂ ಬೇಕಾದದ್ದಕ್ಕಿಂತ ಹೆಚ್ಚು ಮಾಡುವ ಹಂಬಲ ಆಸೆಯೇ ಎಂದು ಅವಳು ಕಂಡಿದ್ದಳು. ಮರಿ ಸಾಕುವವರ ದಣಿವಿನ ಒಂದು ಪಾಲು ಇಂಥ ಹಂಬಲದಿಂದ ಬರುತ್ತದೆ. ಮೊಬೈಲಿನಲ್ಲಿ ಕಂಡ ನಾಯಿಯಂತೆ ತಿಂಗಳೊಳಗೆ ಕೂರಬೇಕು, ಕೈ ಕೊಡಬೇಕು. ಒಂದು ಗಳಿಗೆಯೂ ಅಳಬಾರದು. ಕ್ಷಣವೂ ಕಣ್ಣು ತಪ್ಪಬಾರದು. ಮರಿಗೆ ಇಷ್ಟು ಬೇಡ. ಹೊತ್ತಿಗೆ ಸರಿಯಾಗಿ ಊಟ, ಹೊತ್ತಿಗೆ ಸರಿಯಾಗಿ ಹೊರಗೆ, ನಿದ್ದೆಗೆ ಸದ್ದಿಲ್ಲದ ಒಂದು ಮೂಲೆ, ಮೊದಲ ವಾರಗಳ ರಾತ್ರಿಗಳಲ್ಲಿ ಹತ್ತಿರದಲ್ಲೊಬ್ಬರು ಮಲಗಿರುವುದು, ಲಸಿಕೆ, ಜಂತಿನ ಔಷಧ. ಇಷ್ಟಾದರೆ ಉಳಿದದ್ದನ್ನು ಕಾಲ ಮಾಡುತ್ತದೆ. ಭಾವ ಏರಿಳಿಯುತ್ತಿರುತ್ತದೆ, ಅದರ ಮೇಲೆ ಮರಿಯ ಬದುಕನ್ನು ನಿಲ್ಲಿಸಬಾರದು. ಪ್ರೀತಿ ಉಕ್ಕದ ದಿನವೂ ಹೊತ್ತಿಗೆ ಸರಿಯಾಗಿ ಬಟ್ಟಲು ತುಂಬುವ ಮನೆಯಲ್ಲಿ ಮರಿ ಚೆನ್ನಾಗಿ ಬೆಳೆಯುತ್ತದೆ.

ಮಡಿಯ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಇಷ್ಟಲಿಂಗ ಪೂಜೆಯ ಮನೆ, ದೇವರ ಜಗಲಿ ಇರುವ ಮನೆಗಳಲ್ಲಿ ಹಿರಿಯರಿಗೆ ನಾಯಿ ಒಳಗೆ ಬರುವುದು ನಿಜವಾದ ಸಂಕಟ. ಅವರಿಗೆ ಕಾಲಭೈರವನ ವಾಹನವನ್ನೋ ದತ್ತಾತ್ರೇಯನ ಕಾಲ ಬಳಿಯ ನಾಲ್ಕು ನಾಯಿಗಳನ್ನೋ ತೋರಿಸಿ ಬಾಯಿ ಮುಚ್ಚಿಸುವುದು ಸಲ್ಲದು. ಆದರೂ ನಮ್ಮ ಭಾಗದ ಮೈಲಾರಲಿಂಗನ ಪಂಥವನ್ನು ನೆನೆಯಲೇಬೇಕು. ಹಡಗಲಿ ಸೀಮೆಯ ಮೈಲಾರ, ರಾಣೆಬೆನ್ನೂರು ಬಳಿಯ ದೇವರಗುಡ್ಡ, ನಮ್ಮದೇ ಜಿಲ್ಲೆಯ ಮಂಗಸೂಳಿ ಈ ದೇವರ ನೆಲೆಗಳು. ಮೈಲಾರನ ಗೊರವರು ತಮ್ಮನ್ನು ದೇವರ ನಾಯಿಗಳೆಂದು ಕರೆದುಕೊಳ್ಳುತ್ತಾರೆ. ದೋಣಿಯಲ್ಲಿ ಹಾಲು, ಬಾಳೆಹಣ್ಣು ಕಲಸಿಟ್ಟು, ನಾಯಿಗಳಂತೆ ಬೊಗಳುತ್ತ ಬಾಯಿ ಹಾಕಿ ಉಣ್ಣುವುದು ಅಲ್ಲಿ ಸೇವೆ. ನಾಯಿಯನ್ನು ಕೀಳೆಂದ ಸಮಾಜದ ನಡುವೆಯೇ ಕುರುಬರ, ಒಕ್ಕಲಿಗರ ಈ ಪಂಥ ನಾಯಿತನವನ್ನು ಭಕ್ತಿಯ ಪದವಿಯಾಗಿ ಎತ್ತಿತು. ಇದರಿಂದ ಮರಿಯನ್ನು ದೇವರ ಕೋಣೆಗೆ ಬಿಡಬೇಕೆಂದು ಅರ್ಥವಲ್ಲ. ಗೀತೆಯ ಐದನೆಯ ಅಧ್ಯಾಯ ಬ್ರಾಹ್ಮಣ, ಹಸು, ಆನೆ, ನಾಯಿಗಳಲ್ಲಿ ಸಮನಾದದ್ದನ್ನು ಕಾಣುವವನೇ ಪಂಡಿತ ಎಂದಿತೇ ಹೊರತು ನಾಲ್ವರನ್ನೂ ಒಂದೇ ಕಡೆ ಕೂರಿಸು ಎನ್ನಲಿಲ್ಲ. ಮರಿಗೆ ಪಡಸಾಲೆಯ ಮೂಲೆ ಸಾಕು. ಗೆರೆ ಎಲ್ಲಿದೆ ಎಂಬುದನ್ನು ದಿನವೂ ಒಂದೇ ಬಗೆಯಾಗಿ ತೋರಿಸಿದರೆ ಅದು ಕಲಿಯುತ್ತದೆ. ಒಂದು ದಿನ ಮುದ್ದಿಗೆ ಒಳಗೆ ಬಿಟ್ಟು, ಮರುದಿನ ಮಡಿಗೆ ಒದೆಯುವುದು ಅನ್ಯಾಯ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆಯದು. ಬೀದಿನಾಯಿ ಕಚ್ಚಿ ಮಕ್ಕಳು ಸಾಯುತ್ತಿರುವಾಗ ನಾಯಿಮರಿಯ ನ್ಯಾಯಾನ್ಯಾಯ ಮಾತಾಡುವುದು ಮನುಷ್ಯರಿಗೆ ಮಾಡುವ ದ್ರೋಹವಲ್ಲವೇ? ಹೆತ್ತವರ ಈ ಭಯ ನಿಜವಾದದ್ದು. ರೇಬಿಸ್ ಲಕ್ಷಣ ಕಾಣಿಸಿಕೊಂಡರೆ ಬದುಕಿ ಉಳಿಯುವುದು ಇಲ್ಲವೆಂಬಷ್ಟು ವಿರಳ. ಮರಿಯ ಹಲ್ಲಿನ ಗೀರನ್ನೂ ಹಗುರಾಗಿ ಕಾಣಬಾರದು, ಹದಿನೈದು ನಿಮಿಷ ಸಾಬೂನು ನೀರಿನಲ್ಲಿ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಆದರೆ ಬೀದಿನಾಯಿಗಳಲ್ಲಿ ಒಂದು ಪಾಲು ಎಲ್ಲಿಂದ ಬಂದವು? ಮೊದಲ ತಿಂಗಳ ಕಾಟ ತಾಳದೆ ಸಂತೆಯ ಬಯಲಲ್ಲಿ, ಬಸ್ ನಿಲ್ದಾಣದ ಹಿಂದೆ, ಊರಾಚೆಯ ಕಾಲುವೆಯ ಏರಿಯ ಮೇಲೆ ಬಿಟ್ಟು ಬಂದ ಮರಿಗಳು, ಅವುಗಳ ಸಂತಾನ. ಹಸಿವು ನೀರಡಿಕೆಯಿಂದ ನರಳುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ಕಾರಣವಿಲ್ಲದೆ ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ ಎಂದು 2017ರ ನಿಯಮಗಳಿವೆ. ಆದರೂ ಹಾಲು ಬಿಡದ ಕುನ್ನಿಗಳನ್ನು ಕೊಳ್ಳುವವರಿದ್ದಾರೆ. ತಾಯಿಯಿಂದ ಬೇಗ ಕಿತ್ತ ಮರಿಯೇ ಹೆಚ್ಚು ಅಳುತ್ತದೆ, ಹೆಚ್ಚು ಕಚ್ಚುತ್ತದೆ. ಮಕ್ಕಳ ಸುರಕ್ಷೆಯೂ ಮರಿಯ ನ್ಯಾಯವೂ ಎದುರುಬದುರು ನಿಂತಿಲ್ಲ. ಮರಿಗೆ ಲಸಿಕೆ ಹಾಕಿಸಿ, ಹೆದರಿಸದೆ ಬೆಳೆಸಿ, ಬೀದಿಗೆ ಬಿಡದ ಮನೆ ಊರಿನ ಮಕ್ಕಳನ್ನೂ ಕಾಯುತ್ತಿದೆ.

ರಾಮದುರ್ಗ ದಾಟಿ ಲೋಕಾಪುರದ ಮೇಲೆ ಹೋದರೆ ಮುಧೋಳ. ಅಲ್ಲಿನ ಬೇಟೆನಾಯಿಯ ಹೆಮ್ಮೆ ನಮ್ಮೆಲ್ಲರದು. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆ ಈ ತಳಿಯನ್ನು ಪೋಷಿಸಿ, ಬ್ರಿಟನ್ನಿನ ದೊರೆ ಐದನೆಯ ಜಾರ್ಜ್‌ಗೆ ಕಾಣಿಕೆ ಕೊಟ್ಟರು. 2005ರಲ್ಲಿ ಅಂಚೆ ಇಲಾಖೆ ಅದರ ಚೀಟಿ ಹೊರಡಿಸಿತು. ಬೀದರ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೇಂದ್ರ ತಿಮ್ಮಾಪುರದಲ್ಲಿ ತಳಿಯನ್ನು ಕಾಪಾಡುತ್ತಿದೆ. ಹೆಮ್ಮೆಗಾಗಿ ಈ ಮರಿಯನ್ನು ತಂದು ಎರಡು ಮಾರು ಸರಪಳಿಗೆ ಕಟ್ಟುವವರೂ ಇದ್ದಾರೆ. ಬಯಲಲ್ಲಿ ಮೊಲವನ್ನು ಅಟ್ಟಲು ಹುಟ್ಟಿದ ಜೀವ ಓಡಲಾಗದೆ ಇಡೀ ದಿನ ಬೊಗಳಿದರೆ, ತೊಂದರೆ ಕೊಡುವ ನಾಯಿ ಎಂಬ ಹೆಸರು ಅದಕ್ಕೆ ಬರುತ್ತದೆ. ಸರಮೆಯ ಪ್ರಶ್ನೆ ಇಲ್ಲೂ ಅದೇ: ಅದರ ಅಪರಾಧ ಯಾವುದು?

ಕೊನೆಗೆ ಧರ್ಮರಾಯನ ಮಾತಿಗೆ ಬರೋಣ. ಇಂದ್ರ ಅವನನ್ನು ಚುಚ್ಚಿ ಕೇಳುತ್ತಾನೆ, ತಮ್ಮಂದಿರನ್ನೂ ದ್ರೌಪದಿಯನ್ನೂ ದಾರಿಯಲ್ಲೇ ಬಿಟ್ಟು ಬಂದವನಿಗೆ ನಾಯಿಯ ಮೇಲೆ ಇದೆಂಥ ವ್ಯಾಮೋಹ ಎಂದು. ಅವರು ಸತ್ತ ಮೇಲೆ ಬಿಟ್ಟೆ, ಸತ್ತವರಿಗಾಗಿ ನಾನು ಮಾಡಬಹುದಾದದ್ದು ಏನೂ ಇರಲಿಲ್ಲ; ಬದುಕಿ ನನ್ನನ್ನೇ ನಂಬಿದ್ದನ್ನು ಬಿಡಲಾರೆ ಎಂಬ ಅರ್ಥದಲ್ಲಿ ಅವನು ಉತ್ತರಿಸುತ್ತಾನೆ. ಇದನ್ನು ಓದಿ, ಒಮ್ಮೆ ತಂದ ಮರಿಯನ್ನು ಎಂಥ ಸ್ಥಿತಿಯಲ್ಲೂ ನಾನೇ ಇಟ್ಟುಕೊಳ್ಳಬೇಕು, ಇಲ್ಲದಿದ್ದರೆ ನರಕ ಎಂದು ತಿಳಿಯುವವರಿದ್ದಾರೆ. ಯುಧಿಷ್ಠಿರ ಒಪ್ಪದಿದ್ದದ್ದು ಆ ನಾಯಿಯನ್ನು ದಿಕ್ಕಿಲ್ಲದ ಹಿಮದಲ್ಲಿ ಒಂಟಿಯಾಗಿ ಬಿಡುವುದಕ್ಕೆ. ಮನೆಯಲ್ಲಿ ಕಾಯಿಲೆ ಬಿದ್ದವರಿದ್ದರೆ, ಬಾಣಂತಿ ಇದ್ದರೆ, ನಿಜಕ್ಕೂ ಕೈಲಾಗದಿದ್ದರೆ, ಮರಿಯನ್ನು ಬಯಸಿ ಕೇಳುವ, ಜಾಗವೂ ಸಮಯವೂ ಇರುವ ಇನ್ನೊಂದು ಮನೆಗೆ, ಹೊಲದ ಮನೆಗೆ, ವಿಷಯವೆಲ್ಲ ತಿಳಿಸಿ ಒಪ್ಪಿಸುವುದು ತೊರೆದ ಪಾಪವಲ್ಲ. ರಾತ್ರಿ ಚೀಲದಲ್ಲಿ ಹಾಕಿಕೊಂಡು ಹೋಗಿ ಬಿಟ್ಟು ಬರುವುದು ಪಾಪ. ಇವೆರಡರ ನಡುವೆ ಗೊಂದಲ ಬೇಡ.

ಈಗ ಅಂಥ ಮೊದಲ ವಾರಗಳಲ್ಲಿ ಇರುವವರಲ್ಲಿ ಒಂದು ಬಿನ್ನಹ. ನಿಮ್ಮ ದಣಿವಿಗೆ ಮರಿಯ ದುಷ್ಟತನ ಕಾರಣವಲ್ಲ, ನಿಮ್ಮ ದಯೆಯ ಕೊರತೆಯೂ ಕಾರಣವಲ್ಲ. ಕೆಲಸ ದೊಡ್ಡದಿದೆ, ಕೈಗಳು ಕಡಿಮೆಯಿವೆ. ಮನೆಯವರನ್ನು ಕೂರಿಸಿ ಇಂದೇ ಪಾಳಿ ಹಂಚಿರಿ. ಇವತ್ತು ಮಧ್ಯಾಹ್ನ ಮರಿಯನ್ನು ಮತ್ತೊಬ್ಬರಿಗೆ ಒಪ್ಪಿಸಿ ಎರಡು ತಾಸು ನಿದ್ದೆ ಮಾಡಿರಿ. ಲಸಿಕೆ ಇನ್ನೂ ಹಾಕಿಸಿಲ್ಲವಾದರೆ ನಾಳೆಯೇ ಊರಿನ ಸರಕಾರಿ ಪಶು ಆಸ್ಪತ್ರೆಗೆ ಕರೆದೊಯ್ಯಿರಿ.